ಗಾರೆಯವನ ಮೀನು

ಮಾರ್ಚ್ 3

ಅತ್ತೆಯವರಿಗೆ ನಮಸ್ಕಾರಗಳು.

ಲಕೋಟೆಯ ಮೇಲಿನ ಅಕ್ಷರದಿಂದ ನಿಮಗೆ ಗುರುತು ಸಿಕ್ಕಿರಲಿಕ್ಕಿಲ್ಲ. ನಾನು ನಿಮ್ಮ ಮಗಳ ಗಂಡ. ದಯವಿಟ್ಟು ಈಗಲೇ ಹರಿಯಬೇಡಿ, ಕೊನೆಯವರೆಗೆ ಓದಿ ಆಮೇಲೆ ಬೇಕಾದರೆ ಹರಿಯಿರಿ. ಹೋದ ವರ್ಷ ಫೋನು ಮಾಡಿದಾಗ ನನ್ನ ದನಿ ಕೇಳಿದ್ದೇ ತಡ ಇಟ್ಟುಬಿಟ್ಟಿರಿ. ಅದಕ್ಕೇ ಈ ಸಲ ಪತ್ರ. ಇದಕ್ಕೆ ದನಿ ಇಲ್ಲ.

ನಿಮ್ಮ ಮಗಳು ಆರೋಗ್ಯವಾಗಿದ್ದಾಳೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಆದರೆ ಊಟ ಸೇರುತ್ತಿಲ್ಲ. ಏಪ್ರಿಲ್ ಹನ್ನೊಂದಕ್ಕೆ ಅವಳಿಗೆ ಕೆಲಸದಲ್ಲಿ ಒಂದು ಪರೀಕ್ಷೆ ಇದೆ, ಗೆದ್ದರೆ ಬಡ್ತಿ. ದಿನಾಂಕ ಗೊತ್ತಾದ ಮೇಲೆ ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಾಳೆ. ನನ್ನ ಅಡುಗೆಯೋ, ಮೊಟ್ಟೆ ಬೇಯಿಸುವುದು, ಬ್ರೆಡ್ ಸುಡುವುದು, ಅಷ್ಟೇ. ಮೊನ್ನೆ ತಲೆ ಕೆಟ್ಟು, "ಏನ್ ತಿನ್ಬೇಕು ಅನ್ಸುತ್ತೆ ಅದನ್ನಾದ್ರೂ ಹೇಳು ಮಾರಾಯ್ತಿ" ಎಂದು ಕೇಳಿದೆ. "ಅಮ್ಮ ಮಾಡ್ತಿದ್ಳಲ್ಲ, ಮೇಲೆ ಗರಿಗರಿ ಹೊದಿಕೆ ಇರೋ ಮೀನು. ಕಚ್ಚಿದ್ರೆ ಪಕ್ಕದ ಮನೆಗೂ ಕೇಳ್ತಿತ್ತು" ಅಂದಳು. ಅಂದವಳೇ ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಅತ್ತೆ, ಐದು ವರ್ಷದಲ್ಲಿ ಈ ಮನೆಯೊಳಗೆ ಅವಳ ಬಾಯಲ್ಲಿ ಅಮ್ಮ ಎಂಬ ಮಾತು ಬಂದದ್ದು ಇದೇ ಮೊದಲು. ನನಗೆ ಆ ರಾತ್ರಿ ಕುಣಿಯುವುದೊಂದು ಬಾಕಿ.

ನೀವು ನನ್ನನ್ನು ಯಾಕೆ ಒಪ್ಪಲಿಲ್ಲ ಎಂದು ನನಗೆ ಗೊತ್ತು. ಮಾವನವರು ಎತ್ತರದ ಸಾರುವೆಯ ಮೇಲೆ ನಿಂತು ಗಾರೆ ಮಾಡುತ್ತಿದ್ದಾಗ ಬಿದ್ದು ತೀರಿಹೋದರು. ಇನ್ನೊಬ್ಬ ಗಾರೆಯವನಿಗೆ ಮಗಳನ್ನು ಕೊಡುವುದಿಲ್ಲ ಎಂದು ನೀವು ಹಟ ಹಿಡಿದದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಅವಳು ನನ್ನ ಜೊತೆ ಬಂದುಬಿಟ್ಟಳು, ಅದು ಬೇರೆ ಮಾತು.

ನನ್ನ ಆಸೆ ಇಷ್ಟೇ. ಪರೀಕ್ಷೆಯ ದಿನ ಸಂಜೆ ನೀವು ನಮ್ಮ ಮನೆಗೆ ಬಂದು ಅವಳ ಎದುರು ಕೂತು ಊಟ ಮಾಡಬೇಕು. ಅದಾಗದು ಎಂದರೆ ಆ ಮೀನು ಮಾಡುವುದನ್ನಾದರೂ ಹೇಳಿಕೊಡಿ. ಅವಳಿಗೆ ಈ ಪತ್ರದ ಸುದ್ದಿ ಗೊತ್ತಿಲ್ಲ. ಉತ್ತರವನ್ನು ಲಕೋಟೆಯ ಹಿಂದೆ ಬರೆದಿರುವ ಪೇಂಟ್ ಅಂಗಡಿಯ ವಿಳಾಸಕ್ಕೆ ಹಾಕಿ.

ನಿಮ್ಮ ಅಳಿಯ (ನೀವು ಒಪ್ಪುವುದಾದರೆ)


ಮಾರ್ಚ್ 9

ಗಾರೆ ಕೆಲಸದವರಿಗೆ,

ನಿಮ್ಮ ಮೊದಲನೆಯ ಕೋರಿಕೆಗೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಕೆಳಗಿದೆ. ಹಸಿದವರಿಗೆ ಅಡುಗೆ ಹೇಳಿಕೊಡದೆ ಇರುವ ಜಾಯಮಾನ ನನ್ನದಲ್ಲ. ವಸತಿಶಾಲೆಯ ಅಡುಗೆಮನೆಯಲ್ಲಿ ಇಷ್ಟು ವರ್ಷ ಯಾರ ಮಕ್ಕಳಿಗೋ ಬಡಿಸಿದ್ದೇನೆ.

ಮುಳ್ಳು ತೆಗೆದ ದಪ್ಪ ಮೀನಿನ ತುಂಡು ತನ್ನಿ, ಬಿಳಿ ಮಾಂಸದ್ದು. ಉಪ್ಪು, ಕಾಳುಮೆಣಸಿನ ಪುಡಿ ಸವರಿ. ಮೂರು ತಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಮೈದಾ, ಒಂದರಲ್ಲಿ ಕದಡಿದ ಮೊಟ್ಟೆ, ಒಂದರಲ್ಲಿ ಹಳೆಯ ಬ್ರೆಡ್ಡಿನ ತರಿ. ತರಿಗೆ ನಿಂಬೆಹಣ್ಣಿನ ಸಿಪ್ಪೆಯನ್ನು ಸಣ್ಣಗೆ ತುರಿದು ಬೆರೆಸಿ. ಮೀನನ್ನು ಮೊದಲು ಮೈದಾದಲ್ಲಿ ಹೊರಳಿಸಿ ಕೊಡವಿ, ಮೊಟ್ಟೆಯಲ್ಲಿ ಅದ್ದಿ, ತರಿಯಲ್ಲಿಟ್ಟು ಅಂಗೈಯಿಂದ ಒತ್ತಿ. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ಆಮೇಲೆ ಬಾಣಲೆಯಲ್ಲಿ ಒಂದು ಬೆರಳು ಎಣ್ಣೆ. ತರಿಯ ಒಂದು ಚೂರು ಹಾಕಿದಾಗ ಸುಯ್ಯೆಂದರೆ ಎಣ್ಣೆ ಕಾದಿದೆ. ಒಂದೇ ಸಲ ತಿರುವಿ ಹಾಕಿ. ನಡುವೆ ಕೆದಕಬೇಡಿ. ಗಂಡಸರಿಗೆ ಕೆದಕುವ ಚಾಳಿ ಇರುತ್ತದೆ.

ಬಡ್ತಿಯ ಸುದ್ದಿ ಕೇಳಿ ಸಮಾಧಾನವಾಯಿತು. ಕಟ್ಟಡ ಕಂಪನಿಯಲ್ಲಿ ಇದ್ದರೂ ಅವಳಾದರೂ ನೆಲದ ಮೇಲೆ, ಕುರ್ಚಿಯಲ್ಲಿ ಕೂತು ಹಾಜರಿ ಬರೆಯುತ್ತಾಳೆ. ಅದೊಂದೇ ಸಮಾಧಾನ.

ನಿಮ್ಮ ಹೆಂಡತಿಯ ತಾಯಿ


ಮಾರ್ಚ್ 14

ಅತ್ತೆಯವರಿಗೆ,

ನಿಮ್ಮ ಪತ್ರ ಬಂದಾಗ ನಾನು ಪೇಂಟ್ ಅಂಗಡಿಯಲ್ಲೇ ಇದ್ದೆ. ಅಂಗಡಿಯವನು ಲಕೋಟೆ ಕೊಡುತ್ತಾ, "ಯಾರೋ ಇದು, ಮೊಳೆ ಹೊಡೆದ ಹಾಗೆ ಅಕ್ಷರ ಬರೀತಾರೆ" ಅಂದ. ನಮ್ಮ ಅತ್ತೆ ಎಂದೆ. ಹಾಗೆ ಹೇಳಿಕೊಳ್ಳಲು ಎಷ್ಟು ಖುಷಿಯಾಯಿತು ಗೊತ್ತೇ.

ಈಗ ಮೀನಿನ ವಿಷಯ. ಮೂರು ತಟ್ಟೆ ಇಟ್ಟೆ, ಮೂರನ್ನೂ ಕೊಳೆ ಮಾಡಿದೆ, ಅಲ್ಲಿಯವರೆಗೆ ಎಲ್ಲವೂ ನೀವು ಬರೆದಂತೆಯೇ ಆಯಿತು. ಎಣ್ಣೆಗೆ ಬಿಟ್ಟಿದ್ದೇ ಶುರುವಾಯಿತು ನೋಡಿ ಪಟಪಟ. ನಾನು ಪಾತ್ರೆಯ ಮುಚ್ಚಳ ಎದೆಗೆ ಅಡ್ಡ ಹಿಡಿದು ಬಾಗಿಲ ಬಳಿ ನಿಂತು ದೂರದಿಂದಲೇ ಅಡುಗೆ ಮಾಡಿದೆ. ತಿರುವಿ ಹಾಕಿದಾಗ ಹೊದಿಕೆ ಒಂದು ಕಡೆ, ಮೀನು ಒಂದು ಕಡೆ. ಹಳೇ ಗೋಡೆಯ ಗಾರೆ ಹಪ್ಪಳೆ ಎದ್ದು ಬಿದ್ದಂತೆ ಬಿತ್ತು. ಇಷ್ಟು ವರ್ಷದಲ್ಲಿ ನಾನು ಬಳಿದ ಯಾವ ಗೋಡೆಯೂ ನನಗೆ ಇಂಥ ಅವಮಾನ ಮಾಡಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಮಾಡಿದೆ. ಇನ್ನೂ ಕೆಟ್ಟಿತು. ಇವಳು ಕೆಲಸದಿಂದ ಬಂದು ಮೂಗು ಅರಳಿಸಿ, "ಏನಿದು ವಾಸನೆ" ಅಂದಳು. ಕೆಳಗಿನ ದರ್ಜಿಯ ಮನೆಯದು ಎಂದೆ. ಆ ಪುಣ್ಯಾತ್ಮ ಮೀನು ಮುಟ್ಟುವುದಿಲ್ಲ.

ಪರೀಕ್ಷೆಯ ತಯಾರಿ ಜೋರಾಗಿದೆ. ಊಟದ ಮೇಜಿನ ಮೇಲೆ ಎರಡು ಚಮಚ ನೆಟ್ಟಗೆ ಹಿಡಿದುಕೊಂಡು ಹಿಂದಕ್ಕೂ ಮುಂದಕ್ಕೂ ನಿಧಾನ ಆಡಿಸುತ್ತಾಳೆ. ಕಣ್ಣು ಮುಚ್ಚಿಕೊಂಡೂ ಅದನ್ನೇ ಮಾಡುತ್ತಾಳೆ. ಎದುರಿಗೆ ಸಿಕ್ಕರೆ ಮಾತಾಡಿಸಲು ಭಯ.

ಹೊದಿಕೆ ಯಾಕೆ ಕಳಚುತ್ತಿದೆ, ದಯವಿಟ್ಟು ತಿಳಿಸಿ.

ನಿಮ್ಮ ಅಳಿಯ


ಮಾರ್ಚ್ 19

ಅಳಿಯಂದಿರಿಗೆ,

ಹೀಗೆ ಬರೆದೆನೆಂದು ಹಿಗ್ಗಬೇಡಿ. ಕರೆಯಲು ಬೇರೆ ಪದ ಸಿಗಲಿಲ್ಲ, ನಿಮ್ಮ ಹೆಸರು ಹಿಡಿದು ಬರೆಯುವಷ್ಟು ಸಲಿಗೆಯೂ ನಮ್ಮ ನಡುವೆ ಇಲ್ಲ.

ನಿಮ್ಮ ಪತ್ರವನ್ನು ಅಡುಗೆಮನೆಯಲ್ಲಿ ಓದಿದೆ. ಪಟಪಟ ಎಂದರೆ ನೀರು. ಎಣ್ಣೆ ತಾನಾಗಿ ಸಿಡಿಯುವುದಿಲ್ಲ. ನನ್ನ ಅಡುಗೆಯಲ್ಲಿ ಒಂದು ತೊಟ್ಟು ನೀರನ್ನೂ ನಾನು ಹೇಳಿಲ್ಲ. ಅದೆಲ್ಲಿಂದ ಬಂತು? ಮಂಜುಗಡ್ಡೆ ಕಟ್ಟಿದ ಮೀನು ತಂದಿರಾ? ಮೊಟ್ಟೆಗೆ ಹಾಲು ಬೆರೆಸುವ ಬುದ್ಧಿವಂತಿಕೆ ತೋರಿಸಿದಿರಾ? ಮೀನು ಮನೆಗೆ ಬಂದಲ್ಲಿಂದ ಬಾಣಲೆಗೆ ಬೀಳುವವರೆಗೆ ನೀವು ಏನೇನು ಮಾಡಿದಿರಿ ಅಷ್ಟನ್ನೂ ಬಿಡದೆ ಬರೆಯಿರಿ. ನಾಚಿಕೆ ಪಡಬೇಡಿ. ದೋಸೆ ಹಿಟ್ಟಿಗೆ ಸೋಪಿನ ಪುಡಿ ಹಾಕಿದ ಸಹಾಯಕರನ್ನೂ ನಾನು ಕಂಡಿದ್ದೇನೆ.

ಚಮಚ ಆಡಿಸುವುದು ಟೈಪಿಂಗಿಗೆ ಕೈ ಪಳಗಿಸುವುದಕ್ಕೆ ಇರಬೇಕು. ಅವಳ ಬೆರಳು ಚಿಕ್ಕಂದಿನಿಂದಲೂ ಚಳಿಗೆ ಸೆಟೆದುಕೊಳ್ಳುತ್ತವೆ. ಮಲಗುವ ಮುಂಚೆ ಬಿಸಿ ಎಣ್ಣೆ ಸವರಲು ಹೇಳಿ. ಕತ್ತಲಲ್ಲಿ ಓದಿ ಕಣ್ಣು ಕೆಡಿಸಿಕೊಳ್ಳದಂತೆ ನೋಡಿಕೊಳ್ಳಿ. ನಾನು ಹೇಳಿದೆ ಎನ್ನಬೇಡಿ.

ಅತ್ತೆ ಎಂದು ಸಹಿ ಹಾಕಲು ಇನ್ನೂ ಮನಸ್ಸಿಲ್ಲ


ಮಾರ್ಚ್ 23

ಅತ್ತೆಯವರಿಗೆ,

ನೀರು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ನಾನೇ ಹಾಕಿದ್ದು.

ಬಿಡದೆ ಬರೆಯುತ್ತೇನೆ. ಮೀನು ತಂದು ಮೊದಲು ಬೋಗುಣಿಯಲ್ಲಿ ನೀರು ತುಂಬಿ ಅರ್ಧ ಗಂಟೆ ಚೆನ್ನಾಗಿ ನೆನೆಸಿದೆ. ಇದು ನಿಮ್ಮ ಪತ್ರದಲ್ಲಿ ಇರಲಿಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಬಿಟ್ಟಿರಬೇಕು ಅಂದುಕೊಂಡೆ. ಗೋಡೆ ನೆನೆಯದೆ ಗಾರೆ ಹಿಡಿಯುತ್ತದೆಯೇ? ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಮಾರನೇ ದಿನ ಕರಣೆಯ ಹಿಡಿಯಿಂದ ತಟ್ಟಿದರೆ ಡಬಡಬ ಎನ್ನುತ್ತದೆ. ಆಮೇಲೆ ಹಿಡಿತ ಬರಲಿ ಎಂದು ಮೀನಿನ ಮೈ ಮೇಲೆ ಚಾಕುವಿನಿಂದ ಅಡ್ಡಡ್ಡ ಕಚ್ಚು ಹಾಕಿದೆ. ನೀರು ಇಳಿಯುತ್ತಿರುವಾಗಲೇ ಮೈದಾಕ್ಕೆ ಹಾಕಿದೆ. ಎರಡನೇ ಸಲ, ಮೊದಲನೆಯ ಸಲ ನೆನೆದದ್ದು ಸಾಲದೇನೋ ಎಂದು ಒಂದು ಗಂಟೆ ನೆನೆಸಿದೆ. ಹೊದಿಕೆಯೂ ತೆಳುವಾಯಿತೇನೋ ಎಂದು ಎರಡು ಪದರ ಕೊಟ್ಟೆ.

ಕರಿದ ಮೇಲೆ, ಹೊಸ ಗಾರೆಗೆ ಹೊದಿಸುವ ಹಾಗೆ ಒದ್ದೆ ಗೋಣಿಚೀಲವನ್ನಂತೂ ಹೊದಿಸಲಿಲ್ಲ. ಅಷ್ಟು ಬುದ್ಧಿ ನನಗಿದೆ.

ಇದರಲ್ಲಿ ಎಲ್ಲಿ ಎಡವಿದೆ ಎಂದು ನನಗಂತೂ ಹೊಳೆಯುತ್ತಿಲ್ಲ. ಪರೀಕ್ಷೆ ಹತ್ತಿರ ಬರುತ್ತಿದೆ. ಇವಳ ಕೆನ್ನೆ ಒಳಗೆ ಹೋಗಿದೆ. ನಿನ್ನೆ ಬೆರಳಿಗೆ ಎಣ್ಣೆ ಸವರುತ್ತೇನೆ ಬಾ ಎಂದಾಗ, "ನಿನಗ್ಯಾರು ಹೇಳಿದ್ದು ಇದನ್ನ" ಎಂದು ಕೇಳಿದಳು. ಕ್ಯಾಲೆಂಡರಿನ ಹಿಂದೆ ಓದಿದೆ ಎಂದೆ.

ನಿಮ್ಮ ಅಳಿಯ


ಮಾರ್ಚ್ 26

ನೋಡು ಮಾರಾಯ,

ನೀವು ಎಂದು ಬರೆಯಲು ಇನ್ನು ಕೈ ಬರುವುದಿಲ್ಲ. ಮೀನನ್ನು ನೀರಲ್ಲಿ ನೆನೆಸಿದವನಿಗೆ ಇನ್ನೆಂಥ ಬಹುವಚನ.

ನಿನ್ನ ಪತ್ರ ಓದಿ ನಾನು ಉಗ್ರಾಣದ ಮೂಟೆಯ ಮೇಲೆ ಕೂತು ನಕ್ಕೆ. ಜೊತೆಯ ಅಡುಗೆಯವರು ಓಡಿ ಬಂದರು, "ಏನಾಯ್ತಕ್ಕ, ಏನಾಯ್ತು" ಎಂದು ಬೆನ್ನು ಸವರಿದರು. ನಾನು ಅಳುತ್ತಿದ್ದೇನೆ ಎಂದುಕೊಂಡಿದ್ದರು. ಆಮೇಲೆ ಅದೂ ಆಯಿತು, ಬಿಡು.

ಯಾಕೆ ಗೊತ್ತೇ? ನಿನ್ನ ಮಾವನೂ ಇದನ್ನೇ ಮಾಡಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದು ಮಲಗಿದ್ದೆ. ನಾನು ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡಿದವರು, ತಾನೇ ಮಾಡುತ್ತೇನೆ ಎಂದು ಹೊರಟರು. ಹಾಸಿಗೆಯ ಹತ್ತಿರ ಬಂದು, "ಚೆನ್ನಾಗಿ ನೆನ್ಸಿದೀನಿ ಕಣೇ, ಇನ್ನು ಕಚ್ಚಿ ಹಿಡ್ಕೊಳ್ಳುತ್ತೆ ನೋಡು" ಅಂದರು. ತಟ್ಟೆಯಲ್ಲಿ ಮೀನು ಬೇರೆ, ಹೊದಿಕೆ ಬೇರೆ ಬಂತು. ಮೀನನ್ನು ಕೈಯಲ್ಲಿ ತಿಂದೆ, ಹೊದಿಕೆಯನ್ನು ಚಮಚದಲ್ಲಿ ತಿಂದೆ. ಅಷ್ಟು ರುಚಿಯಾದದ್ದನ್ನು ಆಮೇಲೆ ನಾನು ತಿಂದಿಲ್ಲ. ಅವರು ಹೋದ ಮೇಲೆ ಅವರ ಸಾವೊಂದೇ ನನಗೆ ನೆನಪಾಗುತ್ತಿತ್ತು. ಈ ಮೀನು ನಿನ್ನೆಯವರೆಗೂ ಮರೆತೇ ಹೋಗಿತ್ತು. ಮಗಳಿಗೂ ಹೇಳಿಲ್ಲ.

ಈಗ ಕೇಳು. ಮೀನು ಗೋಡೆಯಲ್ಲ. ಅದರ ಮೈಯಲ್ಲಿ ಬೇಕಾದಷ್ಟು ನೀರಿದೆ. ಒಣ ಬಟ್ಟೆಯಿಂದ ಒತ್ತಿ ಒತ್ತಿ ಒರೆಸು, ಕೈಗೆ ತಂಪು ಗೊತ್ತಾಗಬೇಕು, ಒದ್ದೆ ಗೊತ್ತಾಗಬಾರದು. ಒರೆಸು ಎಂದು ನಾನು ಬರೆಯದೆ ಬಿಟ್ಟದ್ದೂ ಎಲ್ಲರಿಗೂ ಗೊತ್ತಿರುತ್ತದೆ ಎಂದೇ. ಕಚ್ಚು ಹಾಕಬೇಡ. ಒಂದೇ ಪದರ ಸಾಕು. ಕರಿದದ್ದನ್ನು ಮುಚ್ಚಿಡಬೇಡ.

ಇನ್ನೊಂದು ಮಾತು. ನಾನು ಬರುತ್ತೇನೆ. ಹನ್ನೊಂದಕ್ಕೆ ರಜೆ ಕೇಳಿದ್ದೇನೆ. ಸಂಜೆಯ ಊಟಕ್ಕೆ ಮಾತ್ರವಲ್ಲ, ಬೆಳಗ್ಗೆಯೇ ಬರುತ್ತೇನೆ. ಅವಳು ಶಾಲೆಯಲ್ಲಿ ಪರೀಕ್ಷೆ ಬರೆಯುವಾಗ ಹೊರಗೆ ಜಗಲಿಯ ಮೇಲೆ ಕೂತಿರುತ್ತಿದ್ದೆ. ಈ ಸಲವೂ ಕೂರುತ್ತೇನೆ. ಯಾವ ಕಟ್ಟಡ, ಯಾವ ಕೋಣೆ, ಬಿಡಿಸಿ ಬರೆ. ಹೊಸ ಸೀರೆ ತೆಗೆಯಲೋ ಬೇಡವೋ ಎಂದು ಈಗಲೇ ಯೋಚನೆ ಹತ್ತಿದೆ, ನನಗೆ ಈ ವಯಸ್ಸಿನಲ್ಲಿ.

ಅತ್ತೆ


ಮಾರ್ಚ್ 30

ಅತ್ತೆಯವರಿಗೆ,

ಹಿಡಿದುಕೊಂಡಿತು. ನಾಲ್ಕು ತುಂಡಿಗೆ ನಾಲ್ಕೂ.

ಒರೆಸಿದೆ, ನೀವು ಹೇಳಿದಂತೆ ಒತ್ತಿ ಒತ್ತಿ. ಎಣ್ಣೆಗೆ ಬಿಟ್ಟಾಗ ಪಟಪಟ ಇಲ್ಲ, ಸುಯ್ಯೆಂಬ ಒಂದೇ ದನಿ. ಕೆದಕಲು ಕೈ ತುರಿಸುತ್ತಿತ್ತು, ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ತಿರುವಿದಾಗ ಹೊಂಬಣ್ಣದ ಹೊದಿಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಅಂಚಿನಲ್ಲೂ ಬಿರುಕಿಲ್ಲ. ಇವಳು ಕಚ್ಚಿದ ಸದ್ದಿಗೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ತಿಂದಳು, ಎರಡು ತಿಂದಳು, ಮೂರನೆಯದಕ್ಕೆ ನನ್ನ ತಟ್ಟೆಗೆ ಕೈ ಹಾಕಿದಳು. "ಯಾರು ಹೇಳಿಕೊಟ್ರು?" ಅಂದಳು. ಪೇಂಟ್ ಅಂಗಡಿಯವನು ಎಂದೆ. "ಅವನಿಗೆ ನಿಂಬೆ ಸಿಪ್ಪೆ ಹಾಕೋದು ಹೇಗೆ ಗೊತ್ತು?" ಅಂದಳು. ನಾನು ನೀರು ಕುಡಿದೆ.

ಈಗ ಬರೆಯಲೇಬೇಕಾದದ್ದು. ನೀವು ಬರುತ್ತೇನೆ ಎಂದು ಬರೆದದ್ದನ್ನು ಓದಿ ರಸ್ತೆಯಲ್ಲೇ ಒಂದು ಸುತ್ತು ತಿರುಗಿದೆ. ಆಮೇಲೆ ಯಾವ ಕೋಣೆ ಎಂದು ಕೇಳಿದ ಸಾಲು ಓದಿ ಅಲ್ಲೇ ನಿಂತೆ. ಅತ್ತೆ, ಆ ಪರೀಕ್ಷೆಗೆ ಕೋಣೆ ಇಲ್ಲ. ಅವಳು ಹಾಜರಿ ಬರೆಯುವುದನ್ನು ಬಿಟ್ಟು ಎರಡು ವರ್ಷವಾಯಿತು. ಮೊದಲು ನೆಲದಲ್ಲಿ ನಿಂತು ಕ್ರೇನಿನವನಿಗೆ ಕೈಸನ್ನೆ ಕೊಡುವ ಕೆಲಸ. ಒಂದು ದಿನ ಬಂದು, "ದಿನಾ ಅವನು ನನ್ನ ಕೈ ನೋಡಿ ನಡೆಸ್ತಾನೆ. ನನ್ನ ಕೈಯಲ್ಲೇ ಯಾಕೆ ನಡೆಸಬಾರ್ದು" ಅಂದಳು. ಅಂದಿನಿಂದ ಕಲಿಯುತ್ತಿದ್ದಾಳೆ. ಆ ಎರಡು ಚಮಚ ಟೈಪಿಂಗಿಗೆ ಅಲ್ಲ, ಕ್ರೇನಿನ ಎರಡು ಹಿಡಿಗಳು. ಪರೀಕ್ಷೆಯ ದಿನ ಕ್ರೇನಿನ ಮೇಲಿನ ಗೂಡಿನಲ್ಲಿ ಒಬ್ಬಳೇ ಕೂತು, ನೀರು ತುಂಬಿದ ಪೀಪಾಯಿಯೊಂದನ್ನು ಎತ್ತಿ, ಕಂಬಗಳ ನಡುವೆ ಹಾಯಿಸಿ, ಚೆಲ್ಲದಂತೆ ಕೆಳಗಿಡಬೇಕು. ಎಷ್ಟು ಎತ್ತರ ಎಂದು ಬರೆಯುವುದಿಲ್ಲ. ಬಂದರೆ ನೀವೇ ನೋಡುತ್ತೀರಿ, ಬಾರದಿದ್ದರೆ ತಿಳಿಯುವುದು ಬೇಡ.

ನಿಮ್ಮ ಭಯ ನನಗೂ ಇದೆ. ಅವಳು ಏಣಿ ಹತ್ತುವುದನ್ನು ನಾನು ಒಂದೇ ಒಂದು ಸಲ ನೋಡಿದೆ, ಆಮೇಲೆ ನೋಡಲಾಗಲಿಲ್ಲ. ಆದರೆ ಅಲ್ಲಿಂದ ಇಳಿದು ಬಂದಾಗ ಅವಳ ಮುಖ ನೋಡಬೇಕು ಅತ್ತೆ.

ಪರೀಕ್ಷೆ ನಡೆಯುವ ಜಾಗ ಬಸ್ ನಿಲ್ದಾಣದ ಹಿಂದಿನ ರಸ್ತೆ, ಉದ್ದಕ್ಕೂ ತಗಡಿನ ಬೇಲಿ, ಗೇಟಿನ ಎದುರು ಟೀ ಅಂಗಡಿ. ನಮ್ಮ ಮನೆ ದರ್ಜಿ ಅಂಗಡಿಯ ಮೇಲೆ, ಎರಡನೇ ಮಹಡಿ, ಹಸಿರು ಬಾಗಿಲು.

ನಿಮ್ಮ ಅಳಿಯ


ಏಪ್ರಿಲ್ 7

ಅತ್ತೆಯವರಿಗೆ,

ದಿನಾ ಪೇಂಟ್ ಅಂಗಡಿಗೆ ಹೋಗಿ ಬರುತ್ತಿದ್ದೇನೆ. ಬೇಡದ ಬಣ್ಣದ ಡಬ್ಬಗಳು ಮನೆಯಲ್ಲಿ ಸೇರಿವೆ, ಬರಿಗೈಯಲ್ಲಿ ಬರಲು ಸಂಕೋಚ. ನಿಮ್ಮ ಪತ್ರ ಇಲ್ಲ.

ನೀವು ಬರುವುದಿಲ್ಲ ಎಂದು ಅರ್ಥ ಮಾಡಿಕೊಂಡಿದ್ದೇನೆ. ಸಿಟ್ಟಿಲ್ಲ. ಮೊದಲೇ ಹೇಳಿದ್ದರೆ ನೀವು ಅಡುಗೆಯನ್ನೂ ಹೇಳಿಕೊಡುತ್ತಿರಲಿಲ್ಲ. ನೀವು ಹೇಳಿಕೊಟ್ಟಿದ್ದರಿಂದ ಅವಳು ಈಗ ದಿನಾ ಉಣ್ಣುತ್ತಿದ್ದಾಳೆ, ಅದೇ ದೊಡ್ಡದು. ಶುಕ್ರವಾರ ಸಂಜೆ ಮೀನು ಮಾಡುತ್ತೇನೆ. ಗೆದ್ದರೂ ಸೋತರೂ ಮಾಡುತ್ತೇನೆ. ಮೂವರಿಗೆ ಸಾಕಾಗುವಷ್ಟು ಮಾಡುತ್ತೇನೆ, ಉಳಿದರೆ ನನ್ನ ಹೊಟ್ಟೆ ಇದ್ದೇ ಇದೆ.

ನಿಮ್ಮ ಅಳಿಯ


ಏಪ್ರಿಲ್ 11, ಸಂಜೆ

ಲೋ ಅಳಿಯ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ದರ್ಜಿಯ ಹತ್ತಿರ ಕಾಗದ, ಪೆನ್ನು ಇಸಿದುಕೊಂಡು ನಿಮ್ಮ ಮಹಡಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲು ತಟ್ಟಲು ಎರಡು ಸಲ ಕೈ ಎತ್ತಿದೆ, ಎರಡು ಸಲವೂ ಕೈ ಕೆಳಗೆ ಬಂತು. ಐದು ವರ್ಷ ಇಲ್ಲದ ಅಮ್ಮ ಬಾಗಿಲು ತೆರೆದ ಕೂಡಲೇ ಏನು ಹೇಳಬೇಕು? ಅದಕ್ಕೇ ಬರೆದು ಬಾಗಿಲ ಕೆಳಗೆ ತಳ್ಳುತ್ತೇನೆ.

ಕ್ರೇನಿನ ಸುದ್ದಿಯ ಪತ್ರ ಬಂದ ದಿನ ನಿನಗೆ ಮೂರು ಉತ್ತರ ಬರೆದೆ, ಮೂರನ್ನೂ ಒಲೆಗೆ ಹಾಕಿದೆ. ಅದರಲ್ಲಿ ನಿನಗೆ ಬಿದ್ದ ಬೈಗುಳ ಓದಿದ್ದರೆ ನೀನು ಜನ್ಮದಲ್ಲಿ ಮೀನು ಮುಟ್ಟುತ್ತಿರಲಿಲ್ಲ. ಬರುವುದಿಲ್ಲ ಎಂದೇ ತೀರ್ಮಾನ ಮಾಡಿದ್ದೆ. ನಿನ್ನೆ ಸಾಯಂಕಾಲ ಬಸ್ಸಿನಲ್ಲಿ ಕೂತಾಗಲೂ ತೀರ್ಮಾನ ಅದೇ ಇತ್ತು.

ಬೆಳಗ್ಗೆ ಟೀ ಅಂಗಡಿಯ ಬೆಂಚಿನಲ್ಲಿ ಕೂತೆ. ನೀನು ಗೇಟಿನ ಹತ್ತಿರ ಉಗುರು ಕಚ್ಚುತ್ತಾ, ಕ್ರೇನಿಗೆ ಬೆನ್ನು ತಿರುಗಿಸಿ, ನೆಲದಿಂದ ಕಣ್ಣೆತ್ತದೆ ನಿಂತಿದ್ದೆ. ನಿನ್ನ ಬದಲು ನಾನು ನೋಡಿದೆ. ಅವಳು ಏಣಿ ಹತ್ತುವಾಗ ನನ್ನ ಕೈಯಲ್ಲಿದ್ದ ಲೋಟ ಓರೆಯಾಗಿ ಟೀ ಎಲ್ಲ ಸೀರೆಯ ಮೇಲೆ. ಹೊಸ ಸೀರೆ. ಆದರೆ ಕಣ್ಣು ಮುಚ್ಚಲಿಲ್ಲ. ಸೊಂಟದ ಬೆಲ್ಟಿನ ಎರಡು ಕೊಕ್ಕೆಗಳಲ್ಲಿ ಒಂದನ್ನು ಮೇಲೆ ಸಿಕ್ಕಿಸಿ, ಎಳೆದು ನೋಡಿ, ಆಮೇಲೆ ಇನ್ನೊಂದನ್ನು ಬಿಡಿಸುತ್ತಿದ್ದಳು. ಉದ್ದಕ್ಕೂ ಹಾಗೆಯೇ ಹತ್ತಿದಳು. ಒಂದು ಸಲವೂ ಅವಸರ ಮಾಡಲಿಲ್ಲ. ಅವಳಪ್ಪನ ಸೊಂಟಕ್ಕೆ ಯಾರೂ ಒಂದು ಹಗ್ಗ ಕೂಡ ಕಟ್ಟಿರಲಿಲ್ಲ ಕಣೋ.

ಆಮೇಲೆ ಆ ಪೀಪಾಯಿ ಮೇಲೆದ್ದಿತು. ಎಷ್ಟು ಮೆಲ್ಲಗೆ ಎದ್ದಿತು, ಎಷ್ಟು ಮೆಲ್ಲಗೆ ಆ ಕಂಬಗಳ ನಡುವೆ ಹಾಯ್ದು ಬಂತು. ತೆರೆದ ಗೇಟಿನೊಳಗೆ ಅದು ನೆಲ ಮುಟ್ಟಿದಾಗ ಪರೀಕ್ಷಕ ಬಗ್ಗಿ ಪೀಪಾಯಿಯ ಸುತ್ತ ನೆಲವನ್ನು ಕೈಯಲ್ಲಿ ಸವರಿ ನೋಡಿದ. ಒಣಗಿಯೇ ಇತ್ತು. ಎದ್ದು ನಿಂತು ಮೇಲಕ್ಕೆ ಕೈ ಎತ್ತಿ ತೋರಿಸಿದ. ನೀನು ಗೇಟಿನೊಳಗೆ ಓಡಿಹೋದೆ, ನಾನು ಟೀ ಅಂಗಡಿಯವಳ ರಟ್ಟೆ ಹಿಡಿದು, "ನನ್ನ ಮಗಳು, ಅಲ್ಲಿ ಮೇಲೆ ಕೂತಿರೋಳು ನನ್ನ ಮಗಳು" ಎಂದು ಕೂಗಿದೆ. "ಗೊತ್ತಾಯ್ತಮ್ಮ, ಬೆಳಗಿಂದ ಹತ್ತು ಸಲ ಹೇಳಿದ್ರಿ" ಅಂದಳು. ನಾನು ಹೇಳಿದ್ದು ನನಗೆ ನೆನಪೇ ಇಲ್ಲ.

ಆಗಲೇ ನಿಮ್ಮ ಮುಂದೆ ಬರಬಹುದಿತ್ತು. ಅತ್ತು ಅತ್ತು ಮುಖ ಊದಿತ್ತು, ಅವಳ ಗೆಲುವಿನ ದಿನ ಅದನ್ನು ಹೊತ್ತುಕೊಂಡು ಬರುವುದು ಬೇಡ ಎನಿಸಿತು. ನಿಲ್ದಾಣದಲ್ಲಿ ಮುಖ ತೊಳೆದುಕೊಂಡು ಈಗ ಬಂದಿದ್ದೇನೆ.

ಒಳಗೆ ಅವಳು ನಗುವುದು ಇಲ್ಲಿಗೆ ಕೇಳಿಸುತ್ತಿದೆ. ನೀನು ಏನೋ ಹೇಳಿದೆ, ಅವಳು ಮತ್ತೆ ನಕ್ಕಳು. ಎಣ್ಣೆ ಸುಯ್ಯೆಂದಿತು, ಪಟಪಟ ಇಲ್ಲ. ಭೇಷ್.

ಬಾಗಿಲು ತೆರೆಯಲು ಅವಳನ್ನೇ ಕಳಿಸು. ನೀನು ಒಲೆ ಬಿಟ್ಟು ಓಡಿ ಬರಬೇಡ, ಮೀನು ಸೀದುಹೋಗುತ್ತದೆ, ನನಗೆ ಬೆಳಗ್ಗೆಯಿಂದ ಹಸಿವು.

ಅತ್ತೆ